ಕಾಳಿಯ ಆಚೆ, ಕಾಳಿಯ ಈಚೆ: ಕಾರವಾರದ ಇಗರ್ಜಿಗಳು ಕಂಡ ಗಡಿಗಳು

ಕಾರವಾರದಿಂದ ಗೋವೆಯ ಕಡೆಗೆ ಹೊರಟ ಬಸ್ಸು ಕಾಳಿ ನದಿಯ ಸೇತುವೆ ದಾಟಿ, ಸದಾಶಿವಗಡದ ಗುಡ್ಡವನ್ನು ಬಳಸಿಕೊಂಡು ಹೋಗಿ, ಮಾಜಾಳಿಯ ತನಿಖಾ ಠಾಣೆಯ ಹತ್ತಿರ ಕ್ಷಣಕಾಲ ನಿಧಾನಿಸುತ್ತದೆ. ಮುಂದೆ ಸಿಗುವ ಪೋಳೆ ಗೋವೆಯ ಕಾಣಕೋಣ ತಾಲ್ಲೂಕಿನ ಊರು. ಇಂದು ಈ ಠಾಣೆಯಲ್ಲಿ ಹುಡುಕುವುದೆಂದರೆ ಬಹುಮಟ್ಟಿಗೆ ಬಾಟಲಿಗಳನ್ನು. ಆದರೆ 1961ರ ಡಿಸೆಂಬರಿನವರೆಗೆ ಇದು ಎರಡು ದೇಶಗಳ ನಡುವಿನ ಗಡಿಯಾಗಿತ್ತು. ಈಚೆ ಭಾರತದ ತ್ರಿವರ್ಣ ಧ್ವಜ, ಆಚೆ ಪೋರ್ತುಗಲ್ಲಿನ ಬಾವುಟ. ಆಚೆಗೂ ಈಚೆಗೂ ಅದೇ ಕೊಂಕಣಿ ಮಾತು, ಅದೇ ಮೀನುಸಾರು, ಅವೇ ಮನೆತನಗಳು.

ದೇಶಗಳ ನಡುವೆ ಗಡಿ ಬಿದ್ದಾಗ ಊರು, ಹೊಲ, ನೆಂಟಸ್ತನ ಒಡೆದುಹೋಗುವುದನ್ನು ನಾವು ಇತಿಹಾಸದಲ್ಲಿ ಬೇಕಾದಷ್ಟು ಓದಿದ್ದೇವೆ. ಕಾರವಾರದ ಕ್ರೈಸ್ತರ ಪಾಲಿಗೆ ನಡೆದದ್ದು ಇದಕ್ಕಿಂತ ವಿಚಿತ್ರ. ಇಲ್ಲಿ ರಾಜ್ಯದ ಗಡಿ ಮತ್ತು ಇಗರ್ಜಿಯ ಗಡಿ ಹೆಚ್ಚಿನ ಕಾಲವೆಲ್ಲ ಒಂದಕ್ಕೊಂದು ಕೂಡಿಬರಲೇ ಇಲ್ಲ. ದೇಶ ಎರಡಾಗಿದ್ದಾಗ ಇಗರ್ಜಿ ಒಂದಾಗಿತ್ತು. ದೇಶ ಒಂದಾಗುವ ಹೊತ್ತಿಗೆ ಇಗರ್ಜಿ ಎರಡಾಗಿತ್ತು. ಕಾರವಾರ, ಬಿಣಗಾ, ಸದಾಶಿವಗಡ, ಅಂಕೋಲಾಗಳ ಕೆಥೋಲಿಕ ಇಗರ್ಜಿಗಳ ಇಂದಿನ ಬದುಕು ಅರ್ಥವಾಗಬೇಕಾದರೆ ಈ ಅಡ್ಡಾದಿಡ್ಡಿ ಗಡಿಗಳ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಕಥೆ ಶುರುವಾಗುವುದು ನೆಲದ ಮೇಲಲ್ಲ, ನೀರಿನಲ್ಲಿ. ಬಿಣಗಾ, ಅರಗಾಗಳ ದಂಡೆಯಲ್ಲಿ ನಿಂತರೆ ಎದುರಿಗೆ ಕಾಣುವ ದ್ವೀಪ ಅಂಜದೀವ. ನಮ್ಮವರ ಬಾಯಲ್ಲಿ ಅದು ಅಂಜದೀಪ. 1498ರಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವ ಮೊದಲು ಇಲ್ಲಿ ಹಡಗು ನಿಲ್ಲಿಸಿದ್ದ. 1500ರಲ್ಲಿ ಕಬ್ರಾಲನ ಹಡಗುಗಳು ಬಂದವು. ಅವುಗಳಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳಿದ್ದರು. ದ್ವೀಪದಲ್ಲಿ ಬಲಿಪೂಜೆ ನಡೆಯಿತು. 1505ರಲ್ಲಿ ಅಲ್ಮೇಡಾ ಇಲ್ಲೊಂದು ಕೋಟೆ ಕಟ್ಟಿಸಿದ, ಮರುವರ್ಷವೇ ಕೆಡವಿಸಿದ. ಗೋವೆ ಪೋರ್ತುಗೀಸರ ಕೈಸೇರಿದ್ದು ಇದಾದ ಮೇಲೆ, 1510ರಲ್ಲಿ. ಅಂದರೆ ಗೋವೆಗಿಂತ ಮೊದಲೇ ಕಾರವಾರದ ಕಣ್ಣಳತೆಯಲ್ಲಿ ಶಿಲುಬೆ ನೆಟ್ಟಿತ್ತು.

ಪೋರ್ತುಗೀಸರು ತಂದ ವ್ಯವಸ್ಥೆಯ ಹೆಸರು ಪಾದ್ರುವಾದೊ. ಪೂರ್ವದೇಶಗಳಲ್ಲಿ ಮತಪ್ರಚಾರದ ಖರ್ಚು, ಪಾದ್ರಿಗಳ ಪ್ರಯಾಣ, ಇಗರ್ಜಿಗಳ ನಿರ್ಮಾಣ ಎಲ್ಲವನ್ನೂ ಪೋರ್ತುಗಲ್ಲಿನ ರಾಜ ನೋಡಿಕೊಳ್ಳಬೇಕು. ಅದಕ್ಕೆ ಪ್ರತಿಯಾಗಿ ಬಿಷಪ್ಪರನ್ನು ಹೆಸರಿಸುವ ಹಕ್ಕು ಅವನದು. ರೋಮಿನ ಪೋಪರು ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಕೊಟ್ಟ ಅಧಿಕಾರವಿದು. ನಮ್ಮ ಮಠಮಾನ್ಯಗಳಿಗೆ ಅರಸರು ಉಂಬಳಿ ಬಿಟ್ಟು ಆಡಳಿತದಲ್ಲೂ ಒಂದು ಮಾತು ಇಟ್ಟುಕೊಂಡಂತೆ ಎನ್ನಬಹುದು. ವ್ಯತ್ಯಾಸವೆಂದರೆ ಇಲ್ಲಿ ಅರಸನಿದ್ದದ್ದು ಲಿಸ್ಬನ್ನಿನಲ್ಲಿ, ಭಕ್ತರಿದ್ದದ್ದು ಬಿಜಾಪುರದ, ಸೋದೆಯ, ಕೆಳದಿಯ ಸೀಮೆಗಳಲ್ಲಿ.

ಈ ಭಕ್ತರು ಬಂದದ್ದು ಎಲ್ಲಿಂದ? ಹೆಚ್ಚಿನವರು ಗೋವೆಯಿಂದಲೇ. ಯುದ್ಧ, ಬರ, ತೆರಿಗೆ, 1560ರಲ್ಲಿ ಶುರುವಾದ ಇಂಕ್ವಿಸಿಶನ್ನಿನ ಕಾಟ, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಜನ ದಕ್ಷಿಣಕ್ಕೆ ಹರಿದರು. ಹಿಂದೂಗಳು ತಮ್ಮ ದೇವರುಗಳನ್ನು ಹೊತ್ತುಕೊಂಡು ಕಾಳಿ, ಗಂಗಾವಳಿ ದಾಟಿದರು. ಅಂಕೋಲೆಯ ಲಕ್ಷ್ಮೀನಾರಾಯಣ ಮಹಾಮಾಯೆಯಂಥ ದೇವಸ್ಥಾನಗಳ ಸ್ಥಳಕಥೆಗಳು ಇಂದಿಗೂ ಗೋವೆಯನ್ನೇ ಬೊಟ್ಟುಮಾಡುತ್ತವೆ. ಅದೇ ದಾರಿಯಲ್ಲಿ ಕ್ರೈಸ್ತರೂ ಬಂದರು. ಹೊಸದಾಗಿ ಕ್ರೈಸ್ತರಾದವರ ಮನೆಯ ಹಳೆಯ ಆಚಾರಗಳ ಮೇಲೆಯೇ ಇಂಕ್ವಿಸಿಶನ್ನಿನ ಕಣ್ಣು ಹೆಚ್ಚಾಗಿದ್ದುದರಿಂದ ಓಡಿಬರಲು ಅವರಿಗೂ ಕಾರಣವಿತ್ತು. ಕೆಳದಿಯ ಅರಸರಿಗೆ ಗದ್ದೆ ಮಾಡುವ ಕೈಗಳು ಬೇಕಾಗಿದ್ದವು; 1678ರ ಒಪ್ಪಂದದಲ್ಲಿ ಚಂದಾವರದಂಥ ಕಡೆ ಇಗರ್ಜಿ ಕಟ್ಟಲು ಅಪ್ಪಣೆ ಕೊಟ್ಟರು. ಗೋವೆಯಲ್ಲಿ ಗುಲಾಮರಾಗಿದ್ದ ಆಫ್ರಿಕದ ಮಂದಿಯೂ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಅಂಕೋಲಾ ಕಡೆಯ ಸಿದ್ದಿಗಳಲ್ಲಿ ಅನೇಕರು ಅವರ ವಂಶದವರು. ಹಳಿಯಾಳದ ಕಡೆಯ ಸಿದ್ದಿಗಳಲ್ಲಿ ಕ್ರೈಸ್ತರೂ ಇದ್ದಾರೆ. ಒಂದೇ ನೆಲದಿಂದ ಓಡಿಬಂದ ಮೂರು ಬಗೆಯ ಜನ ಒಂದೇ ಜಿಲ್ಲೆಯಲ್ಲಿ ನೆಲೆ ನಿಂತರು. ಇದನ್ನು ಮರೆತು ಕರಾವಳಿಯ ಚರಿತ್ರೆಯನ್ನು ಬರೆಯುವವರು ಅರ್ಧ ಚರಿತ್ರೆಯನ್ನಷ್ಟೇ ಬರೆಯುತ್ತಾರೆ.

ಹರಿವು ಒಂದೇ ದಿಕ್ಕಿಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹೈದರಾಲಿ 1763ರ ಸುಮಾರಿಗೆ ಸೋದೆಯನ್ನು ಹಿಡಿದಾಗ ಅಲ್ಲಿಯ ಅರಸ ಆಶ್ರಯ ಬೇಡಿ ಹೋದದ್ದು ಗೋವೆಗೇ. ಅವನ ಮನೆತನ ಫೋಂಡಾದ ಬಳಿ ಬಾಂದೋಡೆಯಲ್ಲಿ ನೆಲೆಸಿತು. ವೀರಶೈವ ಅರಸನೊಬ್ಬನಿಗೆ ಕೆಥೋಲಿಕ ಸರಕಾರ ನೆರಳಾಯಿತು. ಕಾಣಕೋಣ, ಫೋಂಡಾ ಸೀಮೆಗಳು ಪೋರ್ತುಗೀಸರಿಗೆ ದಕ್ಕಿದ್ದು ಇದೇ ಸಂದರ್ಭದಲ್ಲಿ. ಸದಾಶಿವಗಡದ ಕೋಟೆಯ ಮೇಲೂ ಅವರಿಗೆ ಕಣ್ಣಿತ್ತು. 1752ರಲ್ಲಿ ಅದನ್ನು ಹಿಡಿದು ಸ್ವಲ್ಪ ಕಾಲ ಇಟ್ಟುಕೊಂಡಿದ್ದರು ಕೂಡ. ಅವರ ಕಾಗದಪತ್ರಗಳಲ್ಲಿ ಅದರ ಹೆಸರು ಪಿರೊ. ಆದರೆ ಕೊನೆಗೆ ಅದು ಅವರ ಕೈಯಲ್ಲಿ ಉಳಿಯಲಿಲ್ಲ. ಉಳಿದಿದ್ದರೆ ಪಾಸ್‌ಪೋರ್ಟಿನ ಗಡಿ ಪೋಳೆಯಲ್ಲಲ್ಲ, ಕಾಳಿಯ ನಡುನೀರಿನಲ್ಲೇ ಇರುತ್ತಿತ್ತೇನೋ!

ಇಗರ್ಜಿಯೊಳಗಿನ ಮೊದಲ ಒಡಕು ಮೂಡಿದ್ದು ಹದಿನೇಳನೆಯ ಶತಮಾನದಲ್ಲಿ. ಪೋರ್ತುಗಲ್ಲಿನ ಕಸುವು ಕುಂದುತ್ತಿದ್ದುದನ್ನು ಕಂಡ ರೋಮ್, 1622ರಲ್ಲಿ ಪ್ರೊಪಗಾಂಡಾ ಎಂಬ ತನ್ನದೇ ಮತಪ್ರಚಾರ ಮಂಡಳಿಯನ್ನು ಸ್ಥಾಪಿಸಿ ನೇರವಾಗಿ ಬಿಷಪ್ಪರನ್ನು ಕಳಿಸತೊಡಗಿತು. ಹಾಗೆ ಕೆನರಾ ಕರಾವಳಿಗೆ ನೇಮಕಗೊಂಡು ಬಂದವರು ತೊಮಾಸ್ ದ ಕಾಸ್ತ್ರೊ. ಹೊರಗಿನವರಲ್ಲ, ಗೋವೆಯವರೇ. 1637ರಲ್ಲಿ ಬಿಷಪ್ ಪಟ್ಟಕ್ಕೇರಿದ ಭಾರತೀಯ ಮಾತೆವುಸ್ ದ ಕಾಸ್ತ್ರೊ ಅವರ ಸೋದರ ಸಂಬಂಧಿ. ರೋಮಿನ ಆಜ್ಞೆ ಅವರ ಕೈಯಲ್ಲಿತ್ತು. ಆದರೆ ಗೋವೆ ಅದನ್ನು ಒಪ್ಪಲಿಲ್ಲ. ಗೋವೆ ತನ್ನ ಪರವಾಗಿ 1681ರಲ್ಲಿ ಕಳಿಸಿದ್ದು ಜುಜೆ ವಾಜ್ ಎಂಬ ತರುಣ ಪಾದ್ರಿಯನ್ನು. ಇವರೂ ಗೋವೆಯವರೇ, ಬಾಣಾವಲಿಯವರು. ಕರಾವಳಿಯ ಬಡ ಕ್ರೈಸ್ತರು ಯಾರ ಮಾತು ಕೇಳಬೇಕು? ಒಬ್ಬರು ಕೊಟ್ಟ ಪ್ರಸಾದ ಇನ್ನೊಬ್ಬರ ಕಣ್ಣಲ್ಲಿ ಸಲ್ಲದು, ಒಬ್ಬರು ಮಾಡಿಸಿದ ಮದುವೆ ಇನ್ನೊಬ್ಬರ ಲೆಕ್ಕದಲ್ಲಿ ಮದುವೆಯೇ ಅಲ್ಲ. ಓದುಬರಹ ಬಾರದ ರೈತನಿಗೆ ಇದು ತತ್ತ್ವಶಾಸ್ತ್ರದ ಪ್ರಶ್ನೆಯಲ್ಲ. ತನ್ನ ಮಗು ಯಾವ ಲೆಕ್ಕಕ್ಕೆ ಸೇರಿತು ಎಂಬ ಪ್ರಶ್ನೆ. ಜುಜೆ ವಾಜ್ ಜಗಳವನ್ನು ಬೆಳೆಸದೆ ಊರೂರು ನಡೆದು ಇಗರ್ಜಿ, ಶಾಲೆಗಳ ಕೆಲಸಕ್ಕೆ ಕೈಹಾಕಿದರು. 1684ರಲ್ಲಿ ಕಾಸ್ತ್ರೊ ತೀರಿಕೊಂಡರು. ಮುಂದೆ ವಾಜ್ ಸಿಂಹಳಕ್ಕೆ ಹೋದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು. ನಮ್ಮ ಕರಾವಳಿಯ ಧೂಳು ತುಳಿದವರೊಬ್ಬರು ಸಂತರಾದ ಸುದ್ದಿಗೆ ನಮ್ಮ ಪತ್ರಿಕೆಗಳಲ್ಲಿ ಇನ್ನಷ್ಟು ಜಾಗ ಸಿಗಬೇಕಿತ್ತು.

ಹದಿನೆಂಟನೆಯ ಶತಮಾನದ ಕೊನೆ ಎಲ್ಲರಿಗೂ ಕೆಟ್ಟ ಕಾಲ. ಇಂಗ್ಲಿಷರ ಜೊತೆಗೂಡಿದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನ 1784ರಲ್ಲಿ ಕೆನರಾದ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎಷ್ಟು ಮಂದಿ ಎಂಬ ಬಗ್ಗೆ ಇತಿಹಾಸಕಾರರ ಲೆಕ್ಕ ಒಂದೊಂದು ತೆರ. ಇಗರ್ಜಿಗಳು ನೆಲಸಮವಾದದ್ದರಲ್ಲಿ, ಸಂಸಾರಗಳು ಚೆಲ್ಲಾಪಿಲ್ಲಿಯಾದದ್ದರಲ್ಲಿ ಅನುಮಾನವಿಲ್ಲ. ಆಗ ಉತ್ತರ ಭಾಗದ ಕ್ರೈಸ್ತರೂ ಹಿಂದೂಗಳೂ ದೋಣಿ ಹತ್ತಿ ಅಂಜದೀವಕ್ಕೆ ಹೋಗಿ ಪೋರ್ತುಗೀಸರ ಆಸರೆ ಪಡೆದರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂದಾಗ ಹಿಂದೆ ಯುರೋಪಿನ ವ್ಯಾಪಾರಿಗಳು ನೆರೆಯುತ್ತಿದ್ದ ಕಾರವಾರ ಹಾಳುಬಿದ್ದಿತ್ತು.

ಇಂಗ್ಲಿಷರ ಆಳ್ವಿಕೆ ನೆಲೆಗೊಂಡ ಮೇಲೆ ಹಳೆಯ ಜಗಳ ಮತ್ತೆ ತಲೆಯೆತ್ತಿತು. 1838ರಲ್ಲಿ ಪೋಪರು ಭಾರತದಲ್ಲಿ ಪೋರ್ತುಗಲ್ಲಿನ ಅಧಿಕಾರವನ್ನು ಮೊಟಕುಗೊಳಿಸಿದರು. ಗೋವೆ ಬಗ್ಗಲಿಲ್ಲ. 1845ರಲ್ಲಿ ಮಂಗಳೂರು ಪ್ರತ್ಯೇಕ ವಿಕಾರಿಯತವಾಯಿತು. ಕರಾವಳಿಯಲ್ಲಿ ಗೋವೆಯ ಪಕ್ಷ, ರೋಮಿನ ಪಕ್ಷ ಎಂದು ಕ್ರೈಸ್ತರು ಮತ್ತೆ ಎರಡಾದರು. ಇದು ಮುಗಿದದ್ದು 1886ರಲ್ಲಿ, ಪೋಪ್ ಹದಿಮೂರನೆಯ ಲಿಯೋ ಮತ್ತು ಪೋರ್ತುಗಲ್ಲಿನ ನಡುವೆ ಆದ ಒಪ್ಪಂದದಿಂದ. ಕುತೂಹಲದ ಸಂಗತಿಯೆಂದರೆ, ಆಗ ಹಾಕಿದ ಧಾರ್ಮಿಕ ಗಡಿ ಇಂಗ್ಲಿಷರ ಕಂದಾಯ ಗಡಿಯನ್ನೇ ಹಿಡಿಯಿತು. ಕೆನರಾ ಜಿಲ್ಲೆಯನ್ನು ಅವರು 1860ರ ಸುಮಾರಿಗೆ ಉತ್ತರ, ದಕ್ಷಿಣ ಎಂದು ಒಡೆದಿದ್ದರು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಮದರಾಸು ಪ್ರಾಂತ್ಯದಲ್ಲೇ ಉಳಿದ ದಕ್ಷಿಣ ಕೆನರಾದ ಕ್ರೈಸ್ತರು ಮಂಗಳೂರಿನ ಬಿಷಪ್ಪರಿಗೆ, ಮುಂಬಯಿಗೆ ಸೇರಿದ ಉತ್ತರ ಕೆನರಾದ ಕ್ರೈಸ್ತರು ಗೋವೆಯ ಆರ್ಚ್‌ಬಿಷಪ್ಪರಿಗೆ ಎಂದಾಯಿತು. ಒಂದೇ ಕುಲದ, ಒಂದೇ ಮಾತಿನ ಜನರ ನಡುವೆ ಭಟ್ಕಳದ ದಕ್ಷಿಣಕ್ಕೊಂದು ಗೆರೆ ಬಿತ್ತು. ಮಂಗಳೂರಿನ ಕ್ರೈಸ್ತರ ಕೊಂಕಣಿ ಕನ್ನಡ ಲಿಪಿಯಲ್ಲಿ ಬೆಳೆದರೆ ಕಾರವಾರದವರ ಕೊಂಕಣಿ ಗೋವೆಯತ್ತ ಮುಖಮಾಡಿ ಉಳಿದದ್ದಕ್ಕೆ ಈ ಗೆರೆಯೂ ಒಂದು ಕಾರಣ.

ಹೀಗೆ ಅರವತ್ತೇಳು ವರ್ಷ ಕಳೆಯಿತು. ಕಾರವಾರದ ಕಲೆಕ್ಟರ್ ಇಂಗ್ಲಿಷರ ಆಳು. ವಿಗಾರ್ ಗೋವೆಯ ಆರ್ಚ್‌ಬಿಷಪ್ಪರ ಕೈಕೆಳಗಿನವರು. ಪಾದ್ರಿಯಾಗಬೇಕೆಂಬ ಹುಡುಗ ಹೋಗಬೇಕಾದದ್ದು ಪೋರ್ತುಗೀಸರ ಸೀಮೆಯ ರಾಚೋಲ್ ಸೆಮಿನರಿಗೆ. ಗಡಿ ಇದ್ದರೂ ಅದು ಸಡಿಲವಾಗಿತ್ತು. ಕಾಣಕೋಣದ ಹುಡುಗಿ ಸದಾಶಿವಗಡಕ್ಕೆ ಸೊಸೆಯಾಗಿ ಬರುವುದು, ಇಲ್ಲಿಯವರು ಅಲ್ಲಿಯ ಫೆಸ್ತಿಗೆ ಹೋಗಿ ಬರುವುದು, ಇವಕ್ಕೆಲ್ಲ ಯಾರ ಅಡ್ಡಿಯೂ ಇರಲಿಲ್ಲ. ಗಡಿಯ ಆಚೆಯಿಂದ ಬಂದ ಪದಗಳಿಗೂ ಸುಂಕವಿರಲಿಲ್ಲ. ಇಗರ್ಜಿ, ಪಾದ್ರಿ, ಫೆಸ್ತ್ ಇರಲಿ, ನಾವು ದಿನಾ ಬಳಸುವ ಚಾವಿ, ಇಸ್ತ್ರಿ, ಅಲಮಾರು, ಪಾವುಗಳೂ ಪೋರ್ತುಗೀಸಿನಿಂದ ಬಂದವೇ.

ಸಡಿಲವಾಗಿದ್ದ ಹಗ್ಗ ಬಿಗಿಯಾದದ್ದು 1947ರ ನಂತರ. ಇಂಗ್ಲಿಷರು ಹೋದರು, ಪೋರ್ತುಗೀಸರು ಹೋಗಲಿಲ್ಲ. ಸ್ವತಂತ್ರ ಭಾರತದ ಪ್ರಜೆಗಳ ಧರ್ಮಾಧಿಕಾರಿ ಪರದೇಶದ ಆಳ್ವಿಕೆಯ ಪಣಜಿಯಲ್ಲಿ ಕೂತಿರುವುದು, ಅವನ ನೇಮಕದಲ್ಲಿ ಲಿಸ್ಬನ್ನಿಗೆ ಮಾತಿರುವುದು ಸರಿಯೇ ಎಂಬ ಪ್ರಶ್ನೆ ಎದ್ದಿತು. 1950ರ ಜುಲೈ 18ರಂದು ಪೋರ್ತುಗಲ್ ಭಾರತದ ಹಲವು ಧರ್ಮಪ್ರಾಂತ್ಯಗಳ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿತು. 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಹೊಸ ಧರ್ಮಪ್ರಾಂತ್ಯವಾಯಿತು. ಉತ್ತರ ಕನ್ನಡದ ಇಗರ್ಜಿಗಳು ಗೋವೆಯಿಂದ ಬಿಡಿಸಿಕೊಂಡು ಅದಕ್ಕೆ ಸೇರಿದವು. ಇಂದಿನ ಬೆಳಗಾವಿ ಕಾರವಾರದವರಿಗೆ ದೂರವೆನ್ನಿಸದು. ಅಂದು ಘಟ್ಟ ಹತ್ತಿ, ಕಾಡು ದಾಟಿ ಹೋಗಬೇಕಾದ ಆ ಊರು, ಅರ್ಧ ದಿನದ ದಾರಿಯ ಗೋವೆಯ ಸ್ಥಾನವನ್ನು ಹೇಗೆ ತುಂಬೀತು?

ಆದರೆ ರೋಮ್ ಸರಿಯಾದ ಹೊತ್ತಿಗೇ ಗೆರೆ ಎಳೆದಿತ್ತು ಎಂದು ಎರಡೇ ವರ್ಷದಲ್ಲಿ ಗೊತ್ತಾಯಿತು. 1955ರ ಆಗಸ್ಟ್ 15ರಂದು ಗೋವೆಗೆ ನುಗ್ಗಿದ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಸರು ಗುಂಡು ಹಾರಿಸಿದರು. ಭಾರತ ಗಡಿಯನ್ನು ಮುಚ್ಚಿತು, ರೈಲು ನಿಲ್ಲಿಸಿತು. ಮಾಜಾಳಿಯ ದಾರಿಯಲ್ಲಿ ಹೋಗಿಬರಲು ಪರವಾನಗಿ ಬೇಕಾಯಿತು. ತಾಯಿ ಆಚೆ, ಮಗಳು ಈಚೆ ಎಂಬಂಥ ಸಂಸಾರಗಳಿಗೆ ಸಾವಿನ ಸುದ್ದಿಯೂ ತಡವಾಗಿ ಮುಟ್ಟುವ ಕಾಲ ಬಂತು. ಕಾರವಾರದ ಇಗರ್ಜಿ ಇನ್ನೂ ಗೋವೆಗೇ ಅಂಟಿಕೊಂಡಿದ್ದರೆ ಅಲ್ಲಿಯ ಕ್ರೈಸ್ತರ ದೇಶನಿಷ್ಠೆಯನ್ನು ದಿನಬೆಳಗಾದರೆ ಪ್ರಶ್ನಿಸುವವರಿಗೆ ಕೊರತೆಯಿರುತ್ತಿರಲಿಲ್ಲ. ಅಂಕೋಲಾ ಉಪ್ಪಿನ ಸತ್ಯಾಗ್ರಹದ, ಕರನಿರಾಕರಣೆಯ ಊರು. ಕರ್ನಾಟಕದ ಬಾರ್ಡೋಲಿ ಎಂದು ಹೆಸರಾದದ್ದು. ಅಂಥ ನೆಲದಲ್ಲಿ ಪರಕೀಯನ ಬಾವುಟದ ಕೆಳಗಿನ ಬಿಷಪ್ಪನೊಬ್ಬನ ಹೆಸರು ಹೇಳಿ ಪೂಜೆ ನಡೆಸುವುದು ಸುಲಭವಾಗುತ್ತಿರಲಿಲ್ಲ.

ಗಡಿ ಬಿದ್ದದ್ದೂ ಕಾರವಾರದ ಎದುರಿನಲ್ಲೇ. 1961ರ ನವೆಂಬರಿನಲ್ಲಿ ಅಂಜದೀವದ ಪೋರ್ತುಗೀಸ್ ಸೈನಿಕರು ಸಾಬರಮತಿ ಎಂಬ ಪ್ರಯಾಣಿಕ ಹಡಗಿನ ಮೇಲೆ, ಕೆಲವೇ ದಿನಗಳಲ್ಲಿ ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿಸಿದರು. ರಾಜಾರಾಮ ಕೊಚರೇಕರ ಎಂಬ ಮೀನುಗಾರ ಸತ್ತರು. ಡಿಸೆಂಬರ್ 18ರಂದು ನೌಕಾಪಡೆ ದ್ವೀಪಕ್ಕೆ ಇಳಿಯಿತು. ಏಳು ಮಂದಿ ಭಾರತೀಯ ನಾವಿಕರು ಅಲ್ಲಿ ಪ್ರಾಣ ಕೊಟ್ಟರು. ಮರುದಿನ ಗೋವೆ ಶರಣಾಯಿತು.

ಅದೇ ವರ್ಷದ ಆಗಸ್ಟ್ 13ರಂದು, ಅಂದರೆ ನಾಲ್ಕೇ ತಿಂಗಳ ಹಿಂದೆ, ಬರ್ಲಿನ್ ನಗರದ ನಡುವೆ ಗೋಡೆ ಎದ್ದಿತ್ತು. ಅಲ್ಲಿಯ ಕೆಥೋಲಿಕರ ಪ್ರಧಾನ ಇಗರ್ಜಿ ಪೂರ್ವ ಬರ್ಲಿನ್ನಿನಲ್ಲಿತ್ತು, ಭಕ್ತರು ಎರಡೂ ಕಡೆ ಇದ್ದರು. ಆದರೂ ರೋಮ್ ಆ ಧರ್ಮಪ್ರಾಂತ್ಯವನ್ನು ಒಡೆಯಲಿಲ್ಲ. ಗೋಡೆ ಇದ್ದಷ್ಟು ಕಾಲವೂ ಎರಡು ಬರ್ಲಿನ್ನುಗಳಿಗೆ ಬಿಷಪ್ಪರು ಒಬ್ಬರೇ. ಕಾರವಾರದಲ್ಲಿ ಆದದ್ದು ಇದಕ್ಕೆ ತೀರ ತಿರುಗುಮುರುಗು. ಗೋಡೆ ಬಿತ್ತು, ಒಡೆದ ಇಗರ್ಜಿ ಮತ್ತೆ ಕೂಡಲಿಲ್ಲ. 1956ರಲ್ಲಿ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. ಗೋವೆ ಪ್ರತ್ಯೇಕವಾಗಿ ಉಳಿಯಿತು. ರಾಜ್ಯಗಳ ಗಡಿ ಗಟ್ಟಿಯಾದಂತೆ ಇಗರ್ಜಿಯ ಗಡಿಯೂ ಅದರೊಳಗೆ ಕೂತಿತು. 1976ರ ಜನವರಿ 24ರಂದು ಕಾರವಾರವೇ ಧರ್ಮಪ್ರಾಂತ್ಯವಾಯಿತು. ಮೊದಲ ಬಿಷಪ್ ವಿಲಿಯಂ ಡಿಮೆಲ್ಲೊ 2007ರವರೆಗೆ, ಮೂವತ್ತು ವರ್ಷಕ್ಕೂ ಮೇಲೆ, ಅದನ್ನು ಕಟ್ಟಿ ನಿಲ್ಲಿಸಿದರು. ಇಡೀ ಉತ್ತರ ಕನ್ನಡ ಜಿಲ್ಲೆ ಅದರ ವ್ಯಾಪ್ತಿ. ಮೇಲಿನ ಪೀಠ ಬೆಂಗಳೂರು.

ಹಾಗಾದರೆ ಇಂದಿನ ಬದುಕಿನಲ್ಲಿ ಆ ಹಳೆಯ ಗಡಿಯ ಗುರುತು ಎಲ್ಲಿ? ಮೊದಲನೆಯದಾಗಿ ಭಾಷೆಯಲ್ಲಿ. 1960ರ ದಶಕದಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜೆಯನ್ನು ಲ್ಯಾಟಿನ್ನಿನಿಂದ ಜನಭಾಷೆಗೆ ತಂದಾಗ ಕಾರವಾರಕ್ಕೊಂದು ತೊಡಕು ಎದುರಾಯಿತು. ಜನಭಾಷೆ ಕೊಂಕಣಿ ಸರಿ, ಲಿಪಿ ಯಾವುದು? ಗೋವೆಯ ಕ್ರೈಸ್ತರದು ರೋಮನ್ ಲಿಪಿ. ಮಂಗಳೂರಿನದು ಕನ್ನಡ, 1938ರಿಂದ ಬರುತ್ತಿರುವ ರಾಕ್ಣೊ ವಾರಪತ್ರಿಕೆ ಅದರ ಸಾಕ್ಷಿ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಮರಾಠಿ ಶಾಲೆಗೆ ಹೋದ ಕಾರವಾರದ ಹಿರಿಯರಿಗೆ ಬರುತ್ತಿದ್ದದ್ದು ದೇವನಾಗರಿ. ಅಜ್ಜಿ, ಮಗ, ಮೊಮ್ಮಗಳು ಒಂದೇ ಪ್ರಾರ್ಥನೆಯನ್ನು ಒಂದೇ ರಾಗದಲ್ಲಿ ಹೇಳಬಲ್ಲರು, ಒಂದೇ ಪುಸ್ತಕದಿಂದ ಓದಲಾರರು. ಘಟ್ಟದ ಮೇಲೆ ಕನ್ನಡದ ಪೂಜೆ ಇನ್ನೂ ಸಹಜ. ಕನ್ನಡ ಶಾಲೆಗಳಲ್ಲಿ ಕಲಿತ ತಲೆಮಾರು ಬೆಳೆದಂತೆ ಕರಾವಳಿಯಲ್ಲೂ ಕನ್ನಡ ಲಿಪಿಯೇ ಮುಂದೆ ಬಂದಿದೆ. ಇದರಲ್ಲಿ ನಷ್ಟವೂ ಇದೆ ಎಂದು ನನಗನ್ನಿಸುತ್ತದೆ. ಮಂಗಳೂರಿನ ಪುಸ್ತಕದ ಕೊಂಕಣಿಯನ್ನು ಓದುತ್ತ ಓದುತ್ತ ಕಾರವಾರದ ಬಾಯಿಮಾತಿನ ಕೊಂಕಣಿ ತಾನೇ ಸಂಕೋಚಪಟ್ಟುಕೊಳ್ಳುವುದುಂಟು.

ಇನ್ನು ಭಕ್ತಿ ಗಡಿ ಕೇಳುವುದಿಲ್ಲ. ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಉತ್ತರ ಕನ್ನಡದಲ್ಲಿ ಚಂದಾವರದ ಹಬ್ಬಕ್ಕೆ ಜಾತಿಮತ ನೋಡದೆ ಜನ ಸೇರುತ್ತಾರೆ. ಹತ್ತು ವರ್ಷಕ್ಕೊಮ್ಮೆ ಹಳೆಯ ಗೋವೆಯಲ್ಲಿ ಸಂತರ ಪಾರ್ಥಿವ ಶರೀರದ ದರ್ಶನ. ಕಳೆದ ಬಾರಿ 2024ರ ನವೆಂಬರಿನಿಂದ 2025ರ ಜನವರಿಯವರೆಗೆ ನಡೆಯಿತು. ಕೊಂಕಣ ರೈಲು ಬಂದ ಮೇಲೆ ಗೋವೆ ಕಾರವಾರಕ್ಕೆ ಬೆಳಗ್ಗೆ ಹೋಗಿ ಸಂಜೆ ಬರುವ ದೂರ. ಕೆಲಸಕ್ಕೂ ಗೋವೆ, ಆಸ್ಪತ್ರೆಗೂ ಗೋವೆ. ಧರ್ಮಪ್ರಾಂತ್ಯದ ಗೆರೆ ಇಂದು ದಾಖಲೆಯಲ್ಲಿದೆ, ದಿನದ ಬದುಕಿನಲ್ಲಿಲ್ಲ.

ಹೀಗೆ ಎಲ್ಲ ಗಡಿಗಳೂ ಮಾಸಿದವು ಎನ್ನುವಷ್ಟರಲ್ಲಿ ಕಾರವಾರ ಮತ್ತು ಅಂಕೋಲಾಗಳ ನಡುವೆಯೇ ಹೊಸದೊಂದು ಬೇಲಿ ಎದ್ದಿತು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲಿಟ್ಟರು. ಹನ್ನೊಂದು ಸಾವಿರ ಎಕರೆಗೂ ಮೀರಿದ ನೆಲ ಹೋಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ, ದೇವರ ಕಟ್ಟೆ ಬಿಟ್ಟು ಏಳಬೇಕಾಯಿತು. ಪರಿಹಾರಕ್ಕಾಗಿ ಅವರು ಕೋರ್ಟುಗಳ ಮೆಟ್ಟಿಲು ಹತ್ತಿದ ಕಥೆ ಬೇರೆಯೇ ಒಂದು ಲೇಖನವಾದೀತು. 2005ರ ಮೇ ತಿಂಗಳಲ್ಲಿ ಐಎನ್‌ಎಸ್ ಕದಂಬ ಕೆಲಸ ಶುರುಮಾಡಿತು. ಅಂಜದೀವ ಅದರ ಒಳಗೆ ಸೇರಿತು.

ಕಾಗದದ ಮೇಲೆ ಗೋವೆಯದಾದ, ಕಣ್ಣಿಗೆ ಕಾರವಾರದ್ದಾದ ಆ ದ್ವೀಪದಲ್ಲಿ ಎರಡು ದೇವಾಲಯಗಳಿದ್ದವು. ಒಂದು ನೊಸ್ಸ ಸೆನ್ಯೋರ ದಸ್ ಬ್ರೋತಸ್, ಅಂದರೆ ಬುಗ್ಗೆಗಳ ಮಾತೆಯ ಇಗರ್ಜಿ. ಕಡಲ ನಡುವೆ ಸಿಹಿನೀರು ಉಕ್ಕುವ ದ್ವೀಪಕ್ಕೆ ತಕ್ಕ ಹೆಸರು. ವಾಸ್ಕೋ ಡ ಗಾಮನ ಹಡಗುಗಳು ನಿಂತದ್ದೂ ಆ ನೀರಿಗಾಗಿಯೇ. ಇನ್ನೊಂದು ಅಸ್ಸಿಸಿಯ ಸಂತ ಫ್ರಾನ್ಸಿಸರ ಪ್ರಾರ್ಥನಾಲಯ. ಫೆಬ್ರವರಿ 2ರಂದು ಮಾತೆಯ ಹಬ್ಬ, ಅಕ್ಟೋಬರ್ 4ರಂದು ಸಂತರ ಹಬ್ಬ. ಪೋರ್ತುಗೀಸರು ಹೋದ ಮೇಲೂ ಈ ದಿನಗಳಲ್ಲಿ ದೋಣಿಗಳಲ್ಲಿ ಭಕ್ತರು ಬರುತ್ತಿದ್ದರು. ನೌಕಾನೆಲೆಯಾದ ಮೇಲೆ ಭದ್ರತೆಯ ಕಾರಣಕ್ಕೆ ಆ ದಾರಿ ಮುಚ್ಚಿತು. ದೇಶದ ರಕ್ಷಣೆಯ ಮುಂದೆ ಒಂದು ಹಬ್ಬ ದೊಡ್ಡದಲ್ಲ ಎನ್ನುವ ವಾದವನ್ನು ಅಲ್ಲಗಳೆಯುವಂತಿಲ್ಲ. ಆದರೆ ವರ್ಷಕ್ಕೊಂದು ದಿನ, ಕಾವಲಿನ ನಡುವೆ, ಲೆಕ್ಕದ ಭಕ್ತರಿಗೆ ಅವಕಾಶ ಕೊಡುವುದು ಇಷ್ಟು ದೊಡ್ಡ ನೌಕಾಪಡೆಗೆ ಆಗದ ಕೆಲಸವೇ ಎಂಬ ಪ್ರಶ್ನೆಯೂ ಅಷ್ಟೇ ಸಹಜ. ಕೆನರಾದ ಹಿಂದೂಗಳೂ ಕ್ರೈಸ್ತರೂ ಒಟ್ಟಿಗೆ ಜೀವ ಉಳಿಸಿಕೊಂಡ ಜಾಗವದು; ಏಳು ನಾವಿಕರ ನೆನಪಿನ ಜಾಗವೂ ಹೌದು.

2024ರ ಆಗಸ್ಟ್ 7ರ ರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. 1980ರ ದಶಕದಲ್ಲಿ ಅದು ಬರುವ ಮೊದಲು ಕಾರವಾರದಿಂದ ಸದಾಶಿವಗಡಕ್ಕೆ ತಾರಿಯೇ ಗತಿಯಾಗಿತ್ತು. ವಿಗಾರರೂ, ಮದುವೆಯ ದಿಬ್ಬಣವೂ, ಮೀನಿನ ಬುಟ್ಟಿಯೂ ಒಂದೇ ದೋಣಿಯಲ್ಲಿ ನದಿ ದಾಟುತ್ತಿದ್ದ ಕಾಲ. ಪಕ್ಕದ ಹೊಸ ಸೇತುವೆ ಉಳಿದದ್ದರಿಂದ ಸಂಚಾರ ಬೇಗ ಮೊದಲಿನಂತಾಯಿತು. ಭಾನುವಾರ ಬೆಳಗ್ಗೆ ಅದರ ಮೇಲೆ ನಿಂತರೆ ಪಶ್ಚಿಮಕ್ಕೆ ಕಾಳಿ ಕಡಲಿಗೆ ಸೇರುವ ಅಳಿವೆ. ಎರಡು ದಂಡೆಗಳಲ್ಲೂ ಪೂಜೆಯ ಹೊತ್ತಿಗೆ ಜನ ಇಗರ್ಜಿಯ ಕಡೆ ನಡೆಯುತ್ತಿರುತ್ತಾರೆ. ಅಂಜದೀವ ಅಲ್ಲಿಂದ ದಕ್ಷಿಣಕ್ಕೆ, ಗುಡ್ಡಗಳ ಮರೆಯಲ್ಲಿ.